ಬಿಳಿ ಉಳಿಯದ ನಕ್ಷೆ

ನಮ್ಮೂರಲ್ಲಿ ಕರೆಂಟು ಯಾರದಾದರೂ ಹೆಸರಿನ ಮೇಲೆಯೇ ಬರುತ್ತದೆ. ಮೀಟರ್ ಪೆಟ್ಟಿಗೆಯ ಒಳಗೆ ಹೆಸರು ಬರೆದು ಮುಚ್ಚಳ ಹಾಕಿದ ಗಳಿಗೆಯಿಂದ ಅಲ್ಲಿಯ ದೀಪ, ಫ್ಯಾನು, ಮಿಕ್ಸಿ ಎಲ್ಲವೂ ಆ ಹೆಸರಿನವರ ಮೈಮೇಲೆ. ದೀಪ ಹಣೆಯ ಹಿಂದೆ, ಫ್ಯಾನು ಮಣಿಕಟ್ಟಿನಲ್ಲಿ, ಮಿಕ್ಸಿ ದವಡೆಯಲ್ಲಿ. ಅದಕ್ಕೇ ನಮ್ಮಲ್ಲಿ ಹಿರಿಯ ಹೆಂಗಸರು ಪಡಸಾಲೆಯಲ್ಲಿ ಕೂತಲ್ಲಿಂದಲೇ, "ಯಾರೇ ಅದು ಬಚ್ಚಲ ದೀಪ ಹಂಗೇ ಬಿಟ್ಟು ಬಂದಿದ್ದು? ಹಣೆ ಚುರುಗುಟ್ತಾ ಐತೆ" ಎಂದು ಕೂಗುವುದು. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವ ಮೊದಲು ಎಷ್ಟು ದೀಪ ಹೊರುತ್ತಾಳೆ ಎಂದು ಕೇಳುತ್ತಾರೆ. ಒಬ್ಬರಿಗೆ ಒಂದೇ ಮೀಟರು. ಮನೆಯ ಮೀಟರಾದರೆ ಹೆಸರನ್ನು ಬೇಕಾದಾಗ ಬದಲಿಸಬಹುದು. ಊರಿನ ಮೀಟರಾದರೆ ಬರೆದ ಹೆಸರನ್ನು ವರ್ಷ ತುಂಬುವವರೆಗೆ ಅಳಿಸುವಂತಿಲ್ಲ. ಹೊರಗಿನಿಂದ ಬಂದವರು ಇದೇಕೆ ಹೀಗೆ ಎಂದು ಕೇಳಿದರೆ, ಮತ್ತೆ ನಿಮ್ಮೂರಲ್ಲಿ ಯಾರು ಹೊರುತ್ತಾರೆ ಎಂದು ನಾವೇ ತಿರುಗಿ ಕೇಳುತ್ತೇವೆ.

ಬಿ.ಎಸ್ಸಿ. ಮುಗಿದು ಎರಡು ವರ್ಷವಾದರೂ ನಾನು ಒಂದು ಜೀರೋ ಬಲ್ಬನ್ನೂ ಹೊತ್ತವಳಲ್ಲ. ಪಟ್ಟಣ ಪಂಚಾಯ್ತಿ ಕಚೇರಿಯಲ್ಲಿ ನಕ್ಷೆಗಳ ನಕಲು ತೆಗೆಯುವ ಕೆಲಸ ನನ್ನದು. ಅಲ್ಲಿ ನನ್ನ ದನಿ ಕೇಳಿದವರು ಕಡಿಮೆ. "ಶಾಂಭವಿ ಬಂದವಳೇನ್ರಯ್ಯಾ?" ಎಂದು ಅಧ್ಯಕ್ಷ ರುದ್ರಮುನಿಯಪ್ಪನವರು ಕೇಳುವಾಗ ನಾನು ಅವರ ಎದುರಿಗೇ ಕೂತಿರುತ್ತಿದ್ದೆ. ಹೇಳಬೇಕೆಂದಿದ್ದನ್ನೆಲ್ಲ ಸಂಜೆ ಮನೆಗೆ ಹೋಗಿ ಡೈರಿಯಲ್ಲಿ ಬರೆಯುತ್ತಿದ್ದೆ. ಬರೆದ ಮೇಲೆ ಹೇಳಿದಷ್ಟೇ ಸಮಾಧಾನ.

ಆ ವರ್ಷ ಹಳೇ ಇಟ್ಟಿಗೆ ಗೂಡಿನ ಬಯಲಿನಲ್ಲಿ ಹೊಸ ಶಾಲೆ ಎದ್ದಿತ್ತು. ಅದರ ಪಕ್ಕಕ್ಕೇ ಪಾರ್ಕು. ಎರಡರ ನಡುವೆ ಎದೆಮಟ್ಟದ ಒಂದು ಗೋಡೆ. ಆದರೆ ಊರಿನ ಟ್ರಾನ್ಸ್‌ಫಾರ್ಮರಿನಲ್ಲಿ ಉಳಿದಿದ್ದು ಒಂದೇ ಲೈನು. ಶಾಲೆಗೆ ಕೊಟ್ಟರೆ ಪಾರ್ಕು ಕತ್ತಲು, ಪಾರ್ಕಿಗೆ ಕೊಟ್ಟರೆ ಶಾಲೆಯ ಬಾಗಿಲು ತೆರೆಯುವಂತಿಲ್ಲ. ಪಾರ್ಕಿನ ದೀಪವೆಂದರೆ ಸಂಜೆ ಹರಟೆ ಹೊಡೆಯುವವರ ದೀಪವಲ್ಲ. ನೂಲಿನ ಮಿಲ್ಲಿನ ಹೆಂಗಸರು ರಾತ್ರಿಯ ಯಾವ ಪಾಳಿಗೆ ಹೋದರೂ ಬಂದರೂ ಆ ಬಯಲನ್ನು ದಾಟಲೇಬೇಕು. ಹೋದ ವರ್ಷ ಆ ಕತ್ತಲಲ್ಲಿ ಒಬ್ಬಳು ಹಳ್ಳಕ್ಕೆ ಬಿದ್ದು ಕಾಲು ಮುರಿದುಕೊಂಡಿದ್ದಳು. ಇನ್ನೊಬ್ಬಳು ಏನಾಯಿತೆಂದು ಇವತ್ತಿಗೂ ಹೇಳಿಲ್ಲ. ಮಿಲ್ಲಿಗೂ ಮತ್ತೆ ಬರಲಿಲ್ಲ. ರಾತ್ರಿಯಿಡೀ ದೀಪ ಹಾಕಿಸುತ್ತೇವೆಂದು ಪಂಚಾಯ್ತಿ ಆ ಹೆಂಗಸರಿಗೆ ಮಾತು ಕೊಟ್ಟಿತ್ತು.

ಮೂರು ಸಭೆಯಾದರೂ ಜಗಳ ಬಗೆಹರಿಯಲಿಲ್ಲ. ನಾನು ಮೂಲೆಯಲ್ಲಿ ಕೂತು ಚೌಕದ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದೆ. ಇಪ್ಪತ್ತನಾಲ್ಕು ಗಂಟೆಗೆ ಇಪ್ಪತ್ತನಾಲ್ಕು ಚೌಕ. ಶಾಲೆಗೆ ಕೆಂಪು ಪೆನ್ಸಿಲ್ಲು: ಬೆಳಿಗ್ಗೆ ಆರಕ್ಕೆ ಟ್ಯಾಂಕಿಗೆ ನೀರೆತ್ತುವ ಮೋಟಾರು, ಬಿಸಿಯೂಟದ ರುಬ್ಬುವ ಯಂತ್ರ, ಫ್ಯಾನು, ಕಂಪ್ಯೂಟರು, ಸಂಜೆಯ ಪಾಠ, ಎಲ್ಲ ಸೇರಿ ಸಂಜೆ ಆರಕ್ಕೆ ಮುಗಿಯುತ್ತದೆ. ಪಾರ್ಕಿಗೆ ನೀಲಿ: ಸಂಜೆ ಆರಕ್ಕೆ ಹತ್ತಿ ಬೆಳಿಗ್ಗೆ ಆರಕ್ಕೆ ಆರುತ್ತದೆ. ಕೆಂಪು ಒಂದು ಚೌಕದಲ್ಲೂ ನೀಲಿಯನ್ನು ಮುಟ್ಟಲಿಲ್ಲ. ಎರಡನ್ನೂ ಒಂದೇ ಲೈನಿಗೆ ಹಾಕಬಹುದು; ಯಾವ ಗಳಿಗೆಯಲ್ಲೂ ಒಬ್ಬರು ಹೊರಲಾರದಷ್ಟು ಭಾರವಾಗುವುದಿಲ್ಲ. ಹಾಳೆಯನ್ನು ಸದ್ದಿಲ್ಲದೆ ಅಧ್ಯಕ್ಷರ ಮೇಜಿನ ಮೇಲೆ ಸರಿಸಿದೆ.

ಅವರು ಅದನ್ನು ಎತ್ತಿ ಹಿಡಿದು ನೋಡಿದರು, ತಿರುಗಿಸಿ ನೋಡಿದರು. "ನೋಡ್ರಪ್ಪಾ! ಹಲ್ಲಿಗೆ ಹಲ್ಲು ಕೂತಂಗೆ ಕೂತೈತೆ. ಒಂದು ಚೂರು ಬಿಳಿ ಬಿಟ್ಟಿಲ್ಲ ನಮ್ಮ ಹುಡುಗಿ!" ಎಂದರು. ಜನ ಚಪ್ಪಾಳೆ ಹೊಡೆದರು. ನನಗೆ ಯಾರಾದರೂ ಚಪ್ಪಾಳೆ ಹೊಡೆದದ್ದು ಅದೇ ಮೊದಲು. ಅವತ್ತು ಡೈರಿಯಲ್ಲಿ ಮೂರು ಪುಟ ಬರೆದೆ.

ಹೆಸರು ಯಾರದು ಎಂಬ ಪ್ರಶ್ನೆ ಏಳುವ ಮೊದಲೇ ಉತ್ತರ ಎದ್ದು ನಿಂತಿತು. ನನ್ನ ಸೋದರತ್ತೆ ಹಾಲಮ್ಮ. ನನ್ನನ್ನು ಸಾಕಿದವಳು ಅವಳೇ. ಹನ್ನೆರಡು ವರ್ಷ ಹಿಟ್ಟಿನ ಗಿರಣಿಯನ್ನು ತನ್ನ ಹೆಸರಿನಲ್ಲಿ ಹೊತ್ತು, ಗಿರಣಿ ಮುಚ್ಚಿದ ಮೇಲೆ ಮನೆಯ ಮೀಟರು ಹೊತ್ತು, ಇದು ಹಗುರಾಯಿತೆಂದು ಗೊಣಗುತ್ತಿದ್ದವಳು. "ಹತ್ತು ಎಚ್‌ಪಿ ಮೋಟಾರನ್ನ ಬೆನ್ನುಮೂಳೆಲಿ ಕೂರಿಸ್ಕೊಂಡು ರೊಟ್ಟಿ ತಟ್ಟಿದೀನಿ. ನಿಮ್ಮ ನಲವತ್ತು ದೀಪ, ಮೂವತ್ತು ಫ್ಯಾನು ನಂಗೆ ತಲೆಗೆ ಹೂವು ಮುಡ್ಕೊಂಡಂಗೆ" ಎಂದಳು. ಎಲ್ಲರೂ ನಕ್ಕರು. ಶನಿವಾರ ನಾಲ್ಕಕ್ಕೆ ಹೆಸರು ಬರೆಯುವುದೆಂದಾಯಿತು. ಸೋಮವಾರ ಲೈನು ಪರೀಕ್ಷಿಸುವ ಅಧಿಕಾರಿ ಬರುವಾಗ ಪೆಟ್ಟಿಗೆಯಲ್ಲಿ ಹೆಸರಿಲ್ಲದಿದ್ದರೆ ಆ ಲೈನು ಪಕ್ಕದೂರಿನ ಕಲ್ಯಾಣ ಮಂಟಪಕ್ಕೆ ಹೋಗುತ್ತಿತ್ತು.

ಒಬ್ಬರಿಗೆ ಒಂದೇ ಮೀಟರಾದ್ದರಿಂದ ಶುಕ್ರವಾರ ಸಂಜೆ ನಮ್ಮ ಮನೆಯ ಹೆಸರು ಬದಲಾಯಿತು. ಲೈನ್‌ಮನ್ ಹಯಾತ್ ಸಾಬರು ಬಂದು ಅತ್ತೆಯ ಹೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ ನನ್ನದನ್ನು ಬರೆದರು. "ಹೆದರ್ಬೇಡ ಬೇಟಿ. ಮೂರು ಬಲ್ಬು, ಒಂದು ಫ್ಯಾನು. ಸೊಳ್ಳೆ ಕೂತಂಗೆ" ಎಂದು ಮುಚ್ಚಳ ಹಾಕಿದರು.

ಸೊಳ್ಳೆ ಕೂತ ಹಾಗೇನೂ ಇರಲಿಲ್ಲ. ಅತ್ತೆ ಅಡುಗೆಮನೆಯ ದೀಪ ಹಾಕಿದೊಡನೆ ಹುಬ್ಬುಗಳ ನಡುವೆ ಯಾರೋ ಬೆಚ್ಚನೆಯ ಬೆರಳಿಟ್ಟಂತಾಯಿತು. ಫ್ಯಾನು ತಿರುಗಿದಾಗ ಬಳೆಯ ಕೆಳಗೆ ನಾಡಿಯ ಪಕ್ಕದಲ್ಲಿ ಇನ್ನೊಂದು ನಾಡಿ. ಅತ್ತೆ ಬೇಕೆಂದೇ ಮಿಕ್ಸಿಯನ್ನು ಎರಡು ಸಲ ಗುರ್ ಎನ್ನಿಸಿ, ನನ್ನ ದವಡೆ ಅದುರುವುದನ್ನು ನೋಡಿ ಬಿದ್ದು ಬಿದ್ದು ನಕ್ಕಳು. ನೋವಿರಲಿಲ್ಲ. ಆದರೆ ಯಾರೋ ಪಕ್ಕದಲ್ಲಿ ಕೂತು ನೋಡುತ್ತಲೇ ಇದ್ದಾರೆ ಎಂಬಂಥ ಒಂದು ಬಿಗಿ. ಊಟವಾದ ಮೇಲೆ ಅತ್ತೆ ಫ್ಯಾನು ನಿಲ್ಲಿಸಿದಳು. ಒಂದೊಂದೇ ದೀಪ ಆರಿಸಿದಳು. ಕೊನೆಯದು ಆರಿದಾಗ ನನ್ನ ಮೈಯೆಲ್ಲ ಹೆಗಲಿಂದ ಕೆಳಕ್ಕೆ ಸಡಿಲಾಗಿ ಇಳಿಯಿತು. ಕೊಡ ಇಳಿಸಿದ ಮೇಲೆ ಸೊಂಟ ತಾನಾಗಿ ನೆಟ್ಟಗಾಗುತ್ತದಲ್ಲ, ಹಾಗೆ.

"ಈಗ ಗೊತ್ತಾಯ್ತೇನೇ?" ಎಂದಳು ಅತ್ತೆ ಕತ್ತಲಲ್ಲಿ. "ಹೊರೋದೇನು ದೊಡ್ಡದಲ್ಲ ಕಣೇ. ಆರಿಸ್ತೀವಲ್ಲ, ಆಗ ಬರೋ ನಿದ್ದೇನೇ ನಿದ್ದೆ. ಒಂದು ಸಣ್ಣ ಬಲ್ಬು ಉರೀತಿದ್ರೂ ಹೆಸರಿನವರಿಗೆ ಕಣ್ಣು ಹತ್ತಲ್ಲ. ಗಿರಣಿ ಬಂದ್ ಮಾಡಿ ಮಲಗಿದ್ರೆ ನಾನು ಹೊತ್ತು ಹುಟ್ಟಿದ್ದೂ ಗೊತ್ತಾಗ್ದಂಗೆ ಮಲಗ್ತಿದ್ದೆ."

ಅವಳು ಅದನ್ನು ಹೇಳಿ ಗೊರಕೆ ಹೊಡೆಯತೊಡಗಿದಳು. ನನ್ನ ಕಣ್ಣಮುಂದೆ ಆ ಹಾಳೆ ಬಂದು ನಿಂತಿತು. ಕೆಂಪು ಮುಗಿದಲ್ಲಿ ನೀಲಿ, ನೀಲಿ ಮುಗಿದಲ್ಲಿ ಕೆಂಪು.

ಶನಿವಾರ ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ ನಾನು ಅಲ್ಲಿದ್ದೆ. ಅಧ್ಯಕ್ಷರು ಹಾಳೆಯನ್ನು ಗೋಡೆಗೆ ಅಂಟಿಸಿದ್ದರು. ಇಪ್ಪತ್ತನಾಲ್ಕು ಚೌಕವನ್ನೂ ಬೆರಳಿಟ್ಟು ಎಣಿಸಿದೆ. ಗಿರಣಿಯ ಭಾರ ಇದರ ಎರಡರಷ್ಟಿತ್ತು ನಿಜ, ಆದರೆ ಗಿರಣಿಗೆ ರಾತ್ರಿಯಿತ್ತು. ನಾವೆಲ್ಲ ಅವಳು ಎಷ್ಟು ಹೊರಬಲ್ಲಳೆಂದು ನೋಡಿದ್ದೆವೇ ಹೊರತು ಯಾವಾಗ ಇಳಿಸುತ್ತಾಳೆಂದು ನೋಡಿರಲಿಲ್ಲ. ನಾನಂತೂ ಒಂದು ಚೌಕವೂ ಖಾಲಿ ಬೀಳದಂತೆ ಪೆನ್ಸಿಲ್ಲು ಚೂಪು ಮಾಡಿಕೊಂಡು ತುಂಬಿದ್ದೆ.

ಕಿಟಕಿಯಾಚೆ ಬಸ್ ಸ್ಟಾಪಿನ ಬೇವಿನ ಮರದಡಿ ಐಸ್ ಈರಪ್ಪ ಎಂದಿನಂತೆ ನಿಂತಿದ್ದ. ನಾನು ಚಿಕ್ಕವಳಿದ್ದಾಗಿನಿಂದ ಅವನು ಅಲ್ಲೇ ನಿಂತಿದ್ದಾನೆ. ಕೂರುವುದಿಲ್ಲ. ಕಣ್ಣು ತೆರೆದೇ ಇರುತ್ತದೆ. ಗಂಟಲಲ್ಲಿ ಸದಾ ಹೂಂ ಎಂದು ಒಂದೇ ಶ್ರುತಿ. ಮಕ್ಕಳು ಅವನ ಮುಂದೆ ನಿಂತು ಅಣಕಿಸುತ್ತಾರೆ; ಅವನಿಗೆ ಅದು ಕಾಣಿಸುವುದಿಲ್ಲ. ಹಯಾತ್ ಸಾಬರು ಏಣಿ ಹೊತ್ತು ಬಂದಾಗ ಕೇಳಿದೆ.

"ಸಾಬ್ರೇ, ಈರಪ್ಪನೋರು ಏನು ಹೊತ್ತಿದ್ರು?"

ಸಾಬರು ಏಣಿ ಇಳಿಸಿದರು. "ಪಂಚಾಯ್ತಿಯ ಐಸ್ ಕಾರ್ಖಾನೆ, ಊರಿನ ಮೀಟರು. ಹಗಲೂ ರಾತ್ರಿ ನಿಲ್ಲದ ಮೋಟಾರು. ಸಣ್ಣದೇ, ಮೂರು ಎಚ್‌ಪಿ. ಎಂಟು ತಿಂಗಳಿಗೆ ಹೆಂಡ್ತಿ ಹೆಸರು ಮರ್ತ. ವರ್ಷ ತುಂಬಿ ಹೆಸರು ಒರೆಸೋ ಹೊತ್ತಿಗೆ ತನ್ನ ಹೆಸರೇ ಮರ್ತಿದ್ದ. ಕಾರ್ಖಾನೆ ಮುಚ್ಚಿ ಇಪ್ಪತ್ತೈದು ವರ್ಷ ಆಯ್ತು, ಅವನಿಗೆ ಇನ್ನೂ ನಿಂತಿಲ್ಲ." ಗೋಡೆಯ ಮೇಲಿನ ಹಾಳೆಯತ್ತ ನೋಡಿದರು. ಅವರ ತುಟಿ ಲೆಕ್ಕ ಮಾಡುತ್ತಿತ್ತು. "ಯಾ ಅಲ್ಲಾ" ಎಂದರು.

"ನೀವು ಹೇಳಿ ಸಾಬ್ರೇ."

"ನಾನು ಹೇಳಿದ್ರೆ, ಸಾಬ್ರೇ ನೀವು ಕಂಬ ಹತ್ತಿ ಅಂತಾರೆ. ನಕ್ಷೆ ನಿಂದು. ನೀನೇ ಹೇಳ್ಬೇಕು ಬೇಟಿ."

ನಾನು ಹೇಳಲಿಲ್ಲ. ಒಂದು ಚೀಟಿಯಲ್ಲಿ ಬರೆದೆ. ನಾಲ್ಕು ಸಾಲು, ದುಂಡಗಿನ ಅಕ್ಷರ. ಅಧ್ಯಕ್ಷರು ಬಂದು ಕೂರುವ ಮುನ್ನ ಅವರ ಫೈಲಿನ ಮೇಲಿಟ್ಟೆ. ಅವರು ಫೋನಿನಲ್ಲಿ ಮಾತಾಡುತ್ತಾ ಬಂದರು, ಮಾತಾಡುತ್ತಲೇ ಚಹಾದ ಲೋಟವನ್ನು ಚೀಟಿಯ ಮೇಲಿಟ್ಟರು, ಮಾತಾಡುತ್ತಲೇ ಎದ್ದು ಹೋದರು. ಲೋಟ ಎತ್ತಿ ನೋಡಿದರೆ ಅಕ್ಷರಗಳೆಲ್ಲ ಕಂದು ಉಂಗುರದಲ್ಲಿ ಕಲೆಸಿಹೋಗಿದ್ದವು.

ಮಧ್ಯಾಹ್ನ ಮನೆಗೆ ಓಡಿದೆ. ಅತ್ತೆ ನಾಲ್ಕು ಗಂಟೆಗೆಂದು ಇಳಕಲ್ ಸೀರೆ ತೆಗೆದಿಟ್ಟುಕೊಂಡು ತಲೆ ಬಾಚುತ್ತಿದ್ದಳು. ಅವಳೊಬ್ಬಳ ಮುಂದೆ ನನಗೆ ಮಾತು ಬರುತ್ತದೆ. ಎಲ್ಲ ಹೇಳಿದೆ. ಈರಪ್ಪನ ವಿಷಯವನ್ನೂ ಹೇಳಿದೆ. ಅವಳು ಮೊದಲು ನಕ್ಕಳು. ಆಮೇಲೆ ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಬೆರಳಿಗೆ ಸುತ್ತತೊಡಗಿದಳು.

"ನಂಗೆ ಹೊಳೀಲಿಲ್ಲ ನೋಡು," ಎಂದಳು. "ಹನ್ನೆರಡು ವರ್ಷ ಹೊತ್ತವಳಿಗೆ ಹೊಳೀಬೇಕಿತ್ತು."

"ಹಂಗಾದ್ರೆ ಒಲ್ಲೆ ಅಂದುಬಿಡು."

"ನಾನು ಒಲ್ಲೆ ಅಂದ್ರೆ ಸೋಮವಾರ ಯಾರ ಹೆಸರು ಬರೀತಾರೆ? ಇಡೀ ಊರಲ್ಲಿ ಇನ್ನೊಬ್ಬರಿಲ್ಲ. ಲೈನು ಹೋಗುತ್ತೆ. ಮಕ್ಕಳು ಇನ್ನೊಂದು ವರ್ಷ ದನದ ಕೊಟ್ಟಿಗೇಲಿ ಕೂತು ಓದ್ಬೇಕು. ಆ ಮಿಲ್ಲಿನ ಹುಡುಗಿ ಮುಖ ನೋಡಿದೀಯೇನೇ ನೀನು? ನಾನು ನೋಡಿದೀನಿ." ಅವಳು ತುರುಬು ಬಿಗಿದಳು. "ಕೂತಲ್ಲೇ ಒಂದೊಂದು ಗಳಿಗೆ ತೂಕಡಿಸ್ತೀನಿ, ಬಿಡು. ಈರಪ್ಪ ಗಂಡಸು, ತಡ್ಕಳೋಕಾಗ್ಲಿಲ್ಲ. ನೀನು ಅಲ್ಲಿ ಬಂದು ಬಾಯಿ ಬಿಡ್ಬೇಡ. ಹೆಂಗೂ ಬಿಡಲ್ವಲ್ಲ."

ಕೊನೆಯ ಮಾತನ್ನು ಅವಳು ತಮಾಷೆಗೆ ಹೇಳಿದ್ದು. ನಾನು ಮಾತ್ರ ಊಟ ಮಾಡದೆ ಕಚೇರಿಗೆ ಹಿಂತಿರುಗಿದೆ.

ನಾಲ್ಕಕ್ಕೆ ಬಯಲು ತುಂಬಿತ್ತು. ಗೋಡೆಯ ಮೇಲೆ ಹಸಿರು ಬಣ್ಣದ ಹೊಸ ಪೆಟ್ಟಿಗೆ, ಅದರ ಮುಚ್ಚಳಕ್ಕೆ ಯಾರೋ ಸೇವಂತಿಗೆ ಸಿಕ್ಕಿಸಿದ್ದರು. ಗೋಡೆಯ ಈಚೆ ಶಾಲೆಯ ಹೆಡ್‌ಮಾಸ್ತರು, ಆಚೆ ಮಿಲ್ಲಿನ ಹೆಂಗಸರು. ಅಧ್ಯಕ್ಷರು ನನ್ನ ಹಾಳೆಯನ್ನು ಗೋಡೆಯಿಂದ ಕಿತ್ತು ತಂದು ಎಲ್ಲರಿಗೂ ತೋರಿಸುತ್ತಿದ್ದರು. ಅತ್ತೆ ಪೆಟ್ಟಿಗೆಯ ಪಕ್ಕ ಮದುಮಗಳಂತೆ ನಿಂತಿದ್ದಳು. ಹಯಾತ್ ಸಾಬರು ಕುಂಚವನ್ನು ಬಣ್ಣದಲ್ಲಿ ಅದ್ದಿ, ಬಸಿದು, ಮತ್ತೆ ಅದ್ದಿದರು. ನನ್ನ ಕಡೆ ನೋಡಿದರು. ಮತ್ತೆ ಬಸಿದರು.

"ಏನ್ ಸಾಬ್ರೇ, ಹೆಸರು ಬರೀತೀರೋ ಗೋಡೆಗೆ ಸುಣ್ಣ ಹೊಡೀತೀರೋ?" ಎಂದರು ಅಧ್ಯಕ್ಷರು. ಜನ ನಕ್ಕರು. ಇನ್ನು ತಡೆಯಲು ಸಾಬರಿಗೆ ನೆಪವಿರಲಿಲ್ಲ. ಪೆಟ್ಟಿಗೆಯೊಳಗೆ ಕೈ ಹಾಕಿ 'ಹಾ' ಎಂದು ಬರೆದರು.

"ನಿಲ್ಲಿಸಿ," ಎಂದೆ. ನನಗೇ ಕೇಳಿಸಲಿಲ್ಲ. ಸಾಬರ ಕೈ 'ಲ'ದ ಸುತ್ತು ಎಳೆಯಿತು. ಇನ್ನುಳಿದದ್ದು ಒಂದೇ ಅಕ್ಷರ. ನನ್ನ ಕಾಲು ಹೇಗೆ ಮುಂದೆ ಹೋಯಿತೋ ಗೊತ್ತಿಲ್ಲ. ಸಾಬರ ಮೊಣಕೈ ಹಿಡಿದೆ. ಕುಂಚ ಜಾರಿ ಸೇವಂತಿಗೆಯ ಮೇಲೆ ಕಪ್ಪು ಗೆರೆ ಬಿತ್ತು.

"ಏನಮ್ಮಾ ಇದು?" ಎಂದರು ಅಧ್ಯಕ್ಷರು. ಅವರ ಕೈಯಿಂದ ಹಾಳೆ ತೆಗೆದುಕೊಂಡು ಗೋಡೆಗೆ ಒತ್ತಿ ಹಿಡಿದೆ. 

"ಇದರಲ್ಲಿ ಬಿಳಿ ಎಲ್ಲಿದೆ ತೋರ್ಸಿ."

"ಬಿಳಿ ಯಾಕಮ್ಮಾ ಬೇಕು? ಬಿಳಿ ಇಲ್ಲ ಅಂತಾನೇ ಅಲ್ವಾ ನಿಂಗೆ ಚಪ್ಪಾಳೆ ಹೊಡೆದಿದ್ದು?"

"ನಮ್ಮತ್ತೆ ಯಾವಾಗ ಮಲಗ್ತಾಳೆ?"

ಹಿಂದಿನಿಂದ ಯಾರೋ "ಭಾನುವಾರ!" ಎಂದರು. ನಗು ಎದ್ದಿತು. "ಭಾನುವಾರ ಶಾಲೆಗೆ ರಜ, ಹಗಲು ಮಲಗ್ತಾಳೆ," ಎಂದೆ. "ಆ ಸಂಜೆ ಎದ್ರೆ ಮತ್ತೆ ಮುಂದಿನ ಭಾನುವಾರ. ವರ್ಷ ಪೂರ್ತಿ. ಈರಪ್ಪನೋರ ಐಸ್ ಕಾರ್ಖಾನೆಗೆ ಭಾನುವಾರಾನೂ ಇರ್ಲಿಲ್ಲ. ಅಷ್ಟೇ ವ್ಯತ್ಯಾಸ."

ನಗು ಅರ್ಧಕ್ಕೇ ನಿಂತಿತು. ಬೇವಿನ ಮರ ಅಲ್ಲಿಂದ ದೂರ. ಈರಪ್ಪನ ಹೂಂಕಾರ ಬಯಲಿಗೆ ಕೇಳಿಸುವಂಥದ್ದಲ್ಲ. ಆದರೆ ಎಲ್ಲರೂ ಅದನ್ನು ಕೇಳುತ್ತಿದ್ದಾರೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಇಪ್ಪತ್ತೈದು ವರ್ಷ ಅವನ ಮುಂದೆಯೇ ಬಸ್ಸಿಗೆ ಕಾದವರು ಅವರು. ಅಧ್ಯಕ್ಷರು ಹಾಳೆಯ ಹತ್ತಿರ ಬಂದು ಕನ್ನಡಕ ಹಾಕಿಕೊಂಡರು. ಬೆರಳಿಟ್ಟು ಎಣಿಸತೊಡಗಿದರು. ಇಪ್ಪತ್ತನಾಲ್ಕಕ್ಕೆ ಬಂದು ನಿಂತರು.

"ಶಾಂಬೀ, ನಿಂಗೆ ಏನು ಹೇಳಿದ್ದೆ?" ಎಂದಳು ಅತ್ತೆ. ಅವಳ ದನಿ ಸಿಟ್ಟಿನದಲ್ಲ, ಹೆದರಿದ್ದು. "ಬರೀರಿ ಸಾಬ್ರೇ. ಅವಳ ಮಾತು ಕಟ್ಕೋಬೇಡಿ."

ಸಾಬರು ಕುಂಚವನ್ನು ಬಣ್ಣದ ಡಬ್ಬಿಯೊಳಗೆ ಬಿಟ್ಟು ಕೈ ಕಟ್ಟಿಕೊಂಡರು.

ಆಮೇಲೆ ಗದ್ದಲ. ಹೆಡ್‌ಮಾಸ್ತರು ಗೋಡೆಯ ಈಚೆಯಿಂದ, "ಹಾಗಾದ್ರೆ ಶಾಲೆ ಬೇಡ್ವೇನ್ರಿ?" ಎಂದರು. ಆಚೆಯಿಂದ ಮಿಲ್ಲಿನ ಹಿರಿಯ ಹೆಂಗಸು ಭೀಮಕ್ಕ, "ನಮ್ಮ ದೀಪ ಆರಿಸ್ತೀರಿ, ಅಷ್ಟೇ ತಾನೇ? ಗೊತ್ತಿತ್ತು ಬಿಡಿ ನಮಗೆ" ಎಂದಳು. ಅದು ನನಗೆ ಚುಚ್ಚಿತು. ನಾನು ಬಾಯಿ ಬಿಟ್ಟಿದ್ದರಿಂದಲೇ ಅವಳ ದೀಪ ಹೋಗುವಂತಾಗಿತ್ತು.

ಹಯಾತ್ ಸಾಬರು ಕೆಮ್ಮಿದರು. "ಟಾಕೀಸಿನಲ್ಲಿ ಹಿಡಿ ಇರೋ ಒಂದು ದೊಡ್ಡ ಸ್ವಿಚ್ಚು ಇತ್ತು. ಲೈನು ಹೋದ್ರೆ ಕೆಳಗೆ ಎಳೆದು ಜನರೇಟರಿಗೆ ಹಾಕೋರು, ಬಂದ್ರೆ ಮೇಲೆತ್ತೋರು. ಟಾಕೀಸು ಮುಚ್ಚಿದ ಮೇಲೆ ನಮ್ಮನೆ ಅಟ್ಟದಲ್ಲೈತೆ. ಇಲ್ಲಿ ಹಾಕಿದ್ರೆ ಲೈನು ಒಂದೇ, ಪೆಟ್ಟಿಗೆ ಎರಡು. ಹಿಡಿ ಮೇಲಿದ್ರೆ ಶಾಲೆ, ಹಾಲಮ್ಮನ ಹೆಸರು. ಕೆಳಗಿದ್ರೆ ಪಾರ್ಕು, ಇನ್ನೊಬ್ಬರ ಹೆಸರು."

"ಇದನ್ನ ಮೊದಲೇ ಹೇಳೋಕೇನಾಗಿತ್ರೀ ನಿಮಗೆ?" ಎಂದರು ಅಧ್ಯಕ್ಷರು.

"ಕೇಳ್ಲಿಲ್ವಲ್ಲ ಸ್ವಾಮೀ ಯಾರೂ."

ಅಧ್ಯಕ್ಷರು ಜನರತ್ತ ತಿರುಗಿದರು. "ರಾತ್ರಿ ಹೊರೋರು ಯಾರಪ್ಪಾ?" ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಒಬ್ಬೊಬ್ಬರಿಗೂ ಒಂದೊಂದು ಮನೆ, ಒಂದೊಂದು ಅಂಗಡಿ, ಮಕ್ಕಳು ಓದುವ ದೀಪ. ಮಿಲ್ಲಿನ ಹೆಂಗಸರು ರಾತ್ರಿ ದುಡಿಯುವವರು. ಯಂತ್ರದ ಮುಂದೆ ನಿಂತು ನಲವತ್ತು ದೀಪ ಹೊತ್ತರೆ ಕೈಬೆರಳು ಉಳಿಯುವುದಿಲ್ಲ. ನಾನು ನೆಲ ನೋಡುವುದರಲ್ಲಿ ಊರಿಗೇ ಮೊದಲು. ಅವತ್ತು ಎಲ್ಲರೂ ಕೆಳಗೆ ನೋಡುತ್ತಿದ್ದುದರಿಂದ ನನಗೆ ತಲೆ ಎತ್ತಲು ಸುಲಭವಾಯಿತೋ ಏನೋ.

"ಸಾಬ್ರೇ," ಎಂದೆ, "ಮನೆ ಪೆಟ್ಟಿಗೇಲಿ ನನ್ನ ಹೆಸರು ಒರೆಸಿಬಿಡಿ."

ಅತ್ತೆಗೆ ಮೊದಲು ಅರ್ಥವಾಯಿತು. "ನಿನ್ನೆ ಮಿಕ್ಸಿಗೆ ಅದುರಿದೋಳು ನೀನು! ಆಮೇಲೆ ಮನೆಗೆ ಯಾರೇ?"

"ಬುಡ್ಡಿದೀಪ ಇದೆ."

"ಡೈರಿ?"

"ಪಾರ್ಕಿನ ಬೆಂಚಿನ ಮೇಲೆ ಕೂತು ಬರೀತೀನಿ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಕಚೇರಿಗೆ ಮಧ್ಯಾಹ್ನ ಬಂದರೆ ಸಾಕೆಂದು ಅಧ್ಯಕ್ಷರು ಯಾರೂ ಕೇಳದಿದ್ದರೂ ಎರಡು ಸಲ ಹೇಳಿದರು. ಸಾಬರು ಕುಂಚ ಎತ್ತಿಕೊಂಡು ಅರ್ಧದಲ್ಲಿ ನಿಂತಿದ್ದ ಹೆಸರಿಗೆ 'ಮ್ಮ' ಸೇರಿಸಿದರು. ಎರಡನೇ ಪೆಟ್ಟಿಗೆ ತರಲು ಅವರೇ ಸೈಕಲ್ ತುಳಿದುಕೊಂಡು ಹೋದರು.

ಸೋಮವಾರ ಅಧಿಕಾರಿ ಬಂದು, ಎರಡು ಪೆಟ್ಟಿಗೆ ನೋಡಿ, ಟಾಕೀಸಿನ ಹಿಡಿಯನ್ನು ಮೂರು ಸಲ ಎತ್ತಿ ಇಳಿಸಿ ಸಹಿ ಹಾಕಿದರು. ಹಗಲೆಲ್ಲ ಅತ್ತೆ ಶಾಲೆಯನ್ನು ಹೊತ್ತಳು. ಮೇಷ್ಟರುಗಳು ಖುಷಿಗೆ ಎಲ್ಲ ಫ್ಯಾನುಗಳನ್ನೂ ಒಟ್ಟಿಗೆ ಹಾಕಿ ನೋಡಿದರಂತೆ. ಅವಳು ಜಗಲಿಯಿಂದಲೇ ಬೈದಳಂತೆ. ಸಂಜೆ ಆರಕ್ಕೆ ನಾನು ಗೋಡೆಯ ಹತ್ತಿರ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. "ಜಲ್ದಿ ಬಾರೇ, ಬೆನ್ನು ಹಿಡ್ಕೊಂಡೈತೆ" ಎಂದಳು. ಸಾಬರು ಹಿಡಿಯನ್ನು ಕೆಳಗೆ ಎಳೆದರು.

ಬಿಸಿ ಎಣ್ಣೆಯನ್ನು ಯಾರೋ ನೆತ್ತಿಯ ಮೇಲೆ ಹನಿ ಹನಿಯಾಗಿ ಬಿಟ್ಟ ಹಾಗಾಯಿತು. ಒಂದು, ಎರಡು, ಐದು, ಹತ್ತು. ಹನಿಗಳು ಕಿವಿಯ ಹಿಂದೆ ಹರಿದವು, ಕತ್ತಿಗೆ ಬಂದವು. ಒಂದು ಮಾತ್ರ ರೆಪ್ಪೆ ಅದುರಿದ ಹಾಗೆ ಅದುರುತ್ತಿತ್ತು. "ಒಂಬತ್ತನೇ ಕಂಬ ನೋಡಿ ಸಾಬ್ರೇ, ಸರಿ ಹತ್ತಿಲ್ಲ," ಎಂದೆ, ತಿರುಗಿ ನೋಡದೆ. ಸಾಬರು ನೋಡಿ ಬಂದು ತಲೆಯಾಡಿಸಿದರು.  ಓಡಿಹೋಗಿ ಎಲ್ಲಾದರೂ ಅಡಗಬೇಕೆನಿಸಿತು. ಪಾರ್ಕಿನ ನಲವತ್ತು ಕಡೆ ನಾನೇ ಬೆಳಗುತ್ತಿರುವಾಗ ಎಲ್ಲಿಗೆ ಓಡುವುದು? ಬೆಂಚಿನ ಅಂಚು ಹಿಡಿದು ಕೂತೆ. ಅತ್ತೆ ಪಕ್ಕದಲ್ಲಿ ಕೂತವಳು ಹಾಗೇ ವಾಲಿ, ಸೆರಗನ್ನು ಮುಖಕ್ಕೆ ಎಳೆದುಕೊಂಡು, ಕಾಲು ಚಾಚಿದಳು. ಹತ್ತು ಉಸಿರಿನೊಳಗೆ ಅವಳ ಗೊರಕೆ ಶುರುವಾಯಿತು.

ಮಿಲ್ಲಿನ ಕೂಗು ಕೇಳಿಸಿತು. ರಾತ್ರಿ ಪಾಳಿಯ ಹೆಂಗಸರು ಬುತ್ತಿ ಹಿಡಿದು ಬಂದರು. ಎಂದಿನಂತೆ ಒಬ್ಬರ ಕೈ ಒಬ್ಬರು ಹಿಡಿದು ಗುಂಪಾಗಿಯೇ ಬಂದವರು ಮೂರನೇ ಕಂಬದ ಹತ್ತಿರ ತಾವಾಗಿಯೇ ಕೈ ಬಿಟ್ಟು ಬಿಡಿಬಿಡಿಯಾಗಿ ನಡೆಯತೊಡಗಿದರು. ಭೀಮಕ್ಕ ನಿಂತು ದೀಪದತ್ತ ಮುಖ ಎತ್ತಿದಳು. ನನಗೆ ಹಣೆಯ ಬಲಗಡೆ ಬೆಚ್ಚಗಾಯಿತು.

"ಯಾರದಮ್ಮಾ ಹೆಸರು?" ಎಂದು ಅಲ್ಲಿಂದಲೇ ಕೂಗಿದಳು.

"ನಂದು," ಎಂದೆ.

ಸೆರಗಿನ ಒಳಗಿಂದ ಅತ್ತೆ ನಿದ್ದೆಗಣ್ಣಿನಲ್ಲಿ ನನ್ನ ತೊಡೆಗೊಂದು ಏಟು ಕೊಟ್ಟಳು. "ಜೋರಾಗಿ ಹೇಳೇ. ಅವಳಿಗೆ ಕೇಳಿಸ್ಲಿಲ್ಲ."

ನಾನು ಎದ್ದು ನಿಂತು ಮತ್ತೊಮ್ಮೆ ಹೇಳಿದೆ.